ಅಳತೆ ತೆಗೆದು ಲೈಫ್ ಜಾಕೆಟ್ ಕೊಡಿ

ಮಾನ್ಯ ಸಂಪಾದಕರೇ,

ಹೋದ ವಾರ ಓದುಗರ ಪತ್ರಗಳ ನಡುವೆ ದಾವಣಗೆರೆಯ ಒಬ್ಬರು ಬರೆದದ್ದನ್ನು ಓದಿದೆ. ಆಷಾಢದ ಗಾಳಿಯಲ್ಲಿ ಮಾರಿಕಣಿವೆಯ, ಎಂದರೆ ವಾಣಿ ವಿಲಾಸ ಸಾಗರದ ನೀರಿಗೆ ತೆಪ್ಪ ಇಳಿಸುವುದು ದುಸ್ಸಾಹಸ, ಅಂಥವರಿಗೆ ದಂಡ ಹಾಕಬೇಕು, ಗಾಳಿ ನಿಲ್ಲುವ ತನಕ ತೆಪ್ಪಗಳನ್ನು ದಡದಲ್ಲೇ ಕವುಚಿ ಹಾಕಿಸಬೇಕು ಎಂಬುದು ಅವರ ಸಲಹೆ. ಅವರ ಕಾಳಜಿಯನ್ನು ಅನುಮಾನಿಸುವುದಿಲ್ಲ. ಆದರೆ ಅವರು ತೆಪ್ಪದಲ್ಲಿ ಕುಳಿತವರಲ್ಲ ಎಂಬುದು ಎರಡನೆಯ ಸಾಲಿಗೇ ಗೊತ್ತಾಯಿತು. 'ದಿಢೀರ್ ಎದ್ದ ಗಾಳಿ' ಎಂದು ಬರೆದಿದ್ದಾರೆ. ನಮ್ಮ ಕಡೆ ಆಷಾಢದ ಗಾಳಿ ದಿಢೀರ್ ಏಳುವುದಿಲ್ಲ. ಜೂನ್‌ನಲ್ಲಿ ಬಂದು ಸೆಪ್ಟೆಂಬರ್ ತನಕ ಮನೆ ಅಳಿಯನ ಹಾಗೆ ಉಳಿದುಬಿಡುತ್ತದೆ. ಅದು ನಿಲ್ಲುವ ತನಕ ತೆಪ್ಪ ಕವುಚಿ ಹಾಕಿದರೆ, ಜೊತೆಗೆ ಅನ್ನದ ಪಾತ್ರೆಯನ್ನೂ ಕವುಚಿ ಹಾಕಬೇಕಾಗುತ್ತದೆ.

ನಾನು ಮೀನುಗಾರನಲ್ಲ. ಹಿರಿಯೂರಿನಲ್ಲಿ ನಲವತ್ತೊಂದು ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿರುವ ದರ್ಜಿ. ಮೊದಲು ಪ್ಯಾಂಟು, ಶರಟು ಹೊಲಿಯುತ್ತಿದ್ದೆ. ರೆಡಿಮೇಡ್ ಬಂದ ಮೇಲೆ ಶಾಲಾ ಸಮವಸ್ತ್ರ ಮತ್ತು ರವಿಕೆಗೆ ಇಳಿದೆ. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದೆ ರವಿಕೆಯಿಲ್ಲ, ಸಮವಸ್ತ್ರದ ಗಲಾಟೆಯೂ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಹೀಗಾಗಿ ವರ್ಷದಲ್ಲಿ ನನಗೆ ಬಿಡುವು ಸಿಗುವುದು ಸರಿಯಾಗಿ ಗಾಳಿಯ ತಿಂಗಳಿನಲ್ಲೇ. ಆ ಬಿಡುವಿನಲ್ಲಿ ಗಾಳ ಹಾಕುವುದು ನನ್ನ ಚಟ. ಹವ್ಯಾಸ ಎಂದು ಬರೆದರೆ ಹೆಂಡತಿ ನಗುತ್ತಾಳೆ, ಆದ್ದರಿಂದ ಚಟ ಎಂದೇ ಬರೆಯುತ್ತೇನೆ. ಟಿವಿಎಸ್ ಗಾಡಿಯನ್ನು ಕಣಿವೆ ಮಾರಮ್ಮನ ಗುಡಿಯ ಹತ್ತಿರ ನಿಲ್ಲಿಸಿ, ಪರಿಚಯದ ತೆಪ್ಪದವನೊಬ್ಬನ ಜೊತೆ ನೀರಿಗೆ ಇಳಿಯುತ್ತೇನೆ. ಅವನ ಹೆಸರು ಬರೆಯುವುದಿಲ್ಲ. ನಾಳೆ ಯಾರಾದರೂ ದಂಡದ ಪುಸ್ತಕ ಹಿಡಿದು ಅವನ ಮನೆಗೆ ಹೋದಾರು. ಅವನು ನನ್ನನ್ನು ಟೈಲರಣ್ಣ ಎನ್ನುತ್ತಾನೆ, ನಾನು ತಮ್ಮಾ ಎನ್ನುತ್ತೇನೆ.

ಮೊದಲು ಗಾಳಿಯ ವಿಚಾರ ಹೇಳಿಬಿಡುತ್ತೇನೆ. ನಕ್ಷೆ ತೆರೆದು ನೋಡಿ. ವೇದಾವತಿ ನೈಋತ್ಯದಿಂದ ಈಶಾನ್ಯಕ್ಕೆ ಹರಿದು ಬಂದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಕಟ್ಟೆಗೆ ಸಿಗುತ್ತದೆ. 1898ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷದೊಳಗೆ ಮುಗಿದ ಕಟ್ಟೆ ಅದು. ಮಹಾರಾಣಿ ಕೆಂಪನಂಜಮ್ಮಣ್ಣಿಯವರ 'ವಾಣಿ ವಿಲಾಸ ಸನ್ನಿಧಾನ' ಎಂಬ ಬಿರುದೇ ಸಾಗರದ ಹೆಸರಾಯಿತು. ನಮ್ಮ ಬಾಯಲ್ಲಿ ಅದು ಇವತ್ತಿಗೂ ಮಾರಿಕಣಿವೆಯೇ. ಹಿನ್ನೀರು ಹೊಸದುರ್ಗದ ಕಡೆಗೆ ಉದ್ದಕ್ಕೆ ಚಾಚಿಕೊಂಡಿದೆ. ಮುಂಗಾರಿನ ಗಾಳಿ ಬರುವುದೂ ಅದೇ ದಿಕ್ಕಿನಿಂದ. ಅಲೆ ದೊಡ್ಡದಾಗುವುದು ಗಾಳಿಯ ಜೋರಿನಿಂದ ಮಾತ್ರವಲ್ಲ, ಗಾಳಿ ತಡೆಯಿಲ್ಲದೆ ಎಷ್ಟು ದೂರ ನೀರಿನ ಮೇಲೆ ಓಡಿತು ಎಂಬುದರಿಂದಲೂ ಹೌದು. ಇಲ್ಲಿ ಅದು ಹಿನ್ನೀರಿನ ಉದ್ದಕ್ಕೂ ಓಡಿ ಬಂದು ಕಟ್ಟೆಗೆ ಬಡಿಯುತ್ತದೆ. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಸಾಲು ಸಾಲಾಗಿ ಗಾಳಿಯಂತ್ರ ನೆಟ್ಟವರು ಅಂದಕ್ಕಾಗಿ ನೆಡಲಿಲ್ಲ.

ಇಂಥ ಗಾಳಿಯಲ್ಲಿ ಯಾಕೆ ಹೋಗುತ್ತಾರೆ? ಪತ್ರ ಬರೆದವರು ಕೇಳಬೇಕಿದ್ದ ಪ್ರಶ್ನೆ ಇದು. ಉತ್ತರ ಸರಳ. ಮೀನು ಇರುವುದೇ ಗಾಳಿ ಬಡಿಯುವ ದಡದಲ್ಲಿ. ಗಾಳಿ ಮೇಲಿನ ನೀರನ್ನು ತಳ್ಳಿಕೊಂಡು ಹೋಗುವಾಗ ಅದರ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಪಾಚಿ ಎಲ್ಲವೂ ಆ ದಡಕ್ಕೆ ಸೇರುತ್ತವೆ. ಅವುಗಳನ್ನು ತಿನ್ನಲು ಸಣ್ಣ ಮೀನು ಬರುತ್ತದೆ, ಸಣ್ಣ ಮೀನಿನ ಹಿಂದೆ ಕೊರವ ಬರುತ್ತದೆ. ಮೇಲ್ನೀರಿನಲ್ಲಿ ಮೇಯುವ ಕಾಟ್ಲಾ ಕೂಡ ಅಲ್ಲಿಗೇ ಬರುತ್ತದೆ. ಅಲೆಯಿಂದ ಬೆಳಕು ಒಡೆದು ನೀರು ಕಲಕಿದಾಗ ಮೀನಿಗೆ ದಾರವೂ ಕಾಣುವುದಿಲ್ಲ, ಬಲೆಯೂ ಕಾಣುವುದಿಲ್ಲ. ತಿಳಿನೀರಿನ ನಿಂತ ಮಧ್ಯಾಹ್ನ ಇಡೀ ದಿನ ಕುಳಿತು ನಾನು ಎರಡು ಜಿಲೇಬಿ ಮೀನು (ತಿಲಾಪಿಯಾ) ಹಿಡಿದು ಬಂದದ್ದಿದೆ. ಗಾಳಿಯ ದಿನ ಅರ್ಧ ಗಂಟೆಯಲ್ಲಿ ಮೂರು ಕಿಲೋ ಕೊರವ ಬುಟ್ಟಿಗೆ ಬಿದ್ದದ್ದೂ ಇದೆ.

ನನ್ನದು ಚಟ, ಅವರದು ಬಲೆ. ಬಲೆಯವರ ಕಷ್ಟ ಇನ್ನೂ ಬೇರೆ. ಸಂಜೆ ನೀರಿನಲ್ಲಿ ಬಿಟ್ಟ ಬಲೆಯನ್ನು ಬೆಳಗಿನ ಜಾವ ಎತ್ತಬೇಕು. ರಾತ್ರಿ ಗಾಳಿ ಜೋರಾಯಿತೆಂದು ಮನೆಯಲ್ಲೇ ಮಲಗಿದರೆ ಬಲೆ ಹಗ್ಗದ ಹಾಗೆ ಹೊಸೆದುಕೊಂಡು ಮುಳುಗಿದ ಜಾಲಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಬಿಡಿಸುವ ಬದಲು ಕತ್ತರಿಸುವುದೇ ಸುಲಭ, ಕತ್ತರಿಸಿದರೆ ಹೊಸ ಬಲೆಗೆ ಸಾಲ. ಹಾಗಾಗಿ ಗಾಳಿ ಎದ್ದ ರಾತ್ರಿ ಅವರು ಹೋಗುವುದು ಮೀನಿಗಾಗಿ ಅಲ್ಲ, ಬಲೆ ಉಳಿಸಿಕೊಳ್ಳಲು. ಬ್ಯಾಂಕಿನಲ್ಲಿ ಬೆಂಕಿ ಬಿದ್ದರೆ ಪತ್ರ ಬರೆದವರು ತಮ್ಮ ಪಾಸ್‌ಬುಕ್ ಬಿಟ್ಟು ಬಂದಾರೆಯೇ?

ಈಗ ಜಾಲಿಯ ವಿಚಾರ. ಸಾಗರ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಎಂಬತ್ತೊಂಬತ್ತು ವರ್ಷ ಕಾದು 2022ರ ಸೆಪ್ಟೆಂಬರ್‌ನಲ್ಲಿ. ಅದರ ಹಿಂದೆಯೇ 2025ರ ಜನವರಿಯಲ್ಲಿ ಮತ್ತೊಮ್ಮೆ. ಭದ್ರೆಯ ನೀರನ್ನು ಎತ್ತಿ ವೇದಾವತಿಗೆ ಬಿಡತೊಡಗಿದ ಮೇಲೆ ನಮ್ಮ ಅದೃಷ್ಟ ತಿರುಗಿತು. 2022ರಲ್ಲಿ ಕೋಡಿಯ ನೀರು ನೋಡಲು ಹಿರಿಯೂರಿಗೆ ಹಿರಿಯೂರೇ ಹೋಗಿತ್ತು, ನಾನೂ ಅಂಗಡಿ ಮುಚ್ಚಿ ಹೋಗಿದ್ದೆ. ಆದರೆ ನೀರು ತಳ ಹಿಡಿದಿದ್ದ ವರ್ಷಗಳಲ್ಲಿ ಆ ಬಯಲಿನಲ್ಲಿ ಬಳ್ಳಾರಿ ಜಾಲಿ ಕಾಡಿನ ಹಾಗೆ ಬೆಳೆದಿತ್ತು. ಕೆಲವರು ಹೊಲ ಮಾಡಿದ್ದರು, ಕಲ್ಲಿನ ಬದು ಹಾಕಿದ್ದರು. ಅವೆಲ್ಲ ಹಾಗೆಯೇ ನೀರಿನಡಿ ಹೋದವು. ಸಾಗರ 130 ಅಡಿ ತುಂಬಿ ನಿಂತಾಗ ತೊಂದರೆ ಕಡಿಮೆ, ಜಾಲಿಯ ತಲೆಯ ಮೇಲೆ ಆಳುದ್ದ ನೀರಿರುತ್ತದೆ. ನೀರು ಇಳಿಯತೊಡಗಿದಾಗ ಅಪಾಯ. ಒಣಗಿದ ಕೊಂಬೆಯ ಮೊನೆ ನೀರಿನಿಂದ ಒಂದು ಗೇಣು ಕೆಳಗೆ ಇರುತ್ತದೆ. ಮೇಲೆ ಏನೂ ಕಾಣುವುದಿಲ್ಲ. ತೆಪ್ಪ ಎಂದರೇನು? ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದದ್ದು. ನನ್ನ ಅಂಗಡಿಯ ರೆಕ್ಸಿನ್‌ಗಿಂತ ಸ್ವಲ್ಪ ಗಟ್ಟಿ, ಅಷ್ಟೇ.

2023ರ ಆಷಾಢ. ಮಧ್ಯಾಹ್ನ ಮೂರರ ಹೊತ್ತಿಗೆ ಇಳಿದೆವು. ನನ್ನ ತೆಪ್ಪದವನಿಗೆ ಗಾಳಿ ಓದಲು ಬರುತ್ತದೆ. ನೀರಿನ ಮೇಲೆ ದೂರದಲ್ಲಿ ಕಪ್ಪು ಪಟ್ಟೆ ಓಡಿ ಬಂದರೆ ಗಾಳಿಯ ಹೊಡೆತ ಬರುತ್ತಿದೆ ಎಂದು ಅರ್ಥ. ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಮೀರಿತು ಎಂದು ಅರ್ಥ (ಕಿಲೋಮೀಟರಿನ ಲೆಕ್ಕ ನನ್ನದು, ಅವನದು 'ಅಕ್ಕಿ ತೊಳೆದ ನೀರು' ಎಂಬ ಲೆಕ್ಕ). ನೀರುಕಾಗೆಗಳು ಮರ ಬಿಟ್ಟು ಗುಡ್ಡದ ಮರೆಗೆ ಹೋದರೆ ನಾವೂ ಹೋಗಬೇಕು. ಅಂದು ಅವನು ಎರಡು ಸಲ ಹೇಳಿದ, "ಟೈಲರಣ್ಣ, ಹೊರಡೋಣ." ನನ್ನ ದಾರಕ್ಕೆ ಆಗ ತಾನೇ ಕೊರವ ಮುಟ್ಟಿ ಹೋಗಿತ್ತು. "ಇನ್ನೊಂದು ಸಲ ಎಸೆಯುತ್ತೇನೆ ತಮ್ಮಾ" ಎಂದೆ. ದುಸ್ಸಾಹಸ ಎಂಬ ಮಾತು ಯಾರಿಗಾದರೂ ಸಲ್ಲುವುದಾದರೆ ಅದು ಈ ದರ್ಜಿಗೆ ಸಲ್ಲಬೇಕು, ಅವನಿಗಲ್ಲ.

ತೆಪ್ಪಕ್ಕೆ ಮುಂದು ಹಿಂದು ಎಂಬುದಿಲ್ಲ. ತಳದಲ್ಲಿ ನೀರನ್ನು ಕಚ್ಚಿ ಹಿಡಿಯುವ ಏಣೂ ಇಲ್ಲ. ಅಲೆಯ ಮೇಲೆ ಎಲೆಯ ಹಾಗೆ ತೇಲುತ್ತದೆ, ಅದು ಅದರ ಗುಣ. ಗಾಳಿಗೆ ಬುಗುರಿಯ ಹಾಗೆ ತಿರುಗುತ್ತದೆ, ಅದು ಅದರ ಶಾಪ. ಹುಟ್ಟು ಹಾಕುವವನು ಅರ್ಧ ಬಲವನ್ನು ಮುಂದೆ ಹೋಗಲು, ಇನ್ನರ್ಧವನ್ನು ತಿರುಗದಂತೆ ತಡೆಯಲು ಖರ್ಚು ಮಾಡಬೇಕು. ಅವನು ಹಾಗೆ ಸೆಣಸುತ್ತಿರುವಾಗಲೇ ಅಡಿಯಿಂದ ಬಟ್ಟೆ ಹರಿದ ಸದ್ದು ಬಂತು. ಆ ಸದ್ದನ್ನು ನಾನು ದಿನಕ್ಕೆ ನೂರು ಸಲ ಕೇಳುವವನು. ಆದರೆ ಅಂದು ಅದು ಕಾಲಿನ ಕೆಳಗಿನಿಂದ ಬಂದಿತ್ತು. ಜಾಲಿಯ ಕೊಂಬೆ ಪ್ಲಾಸ್ಟಿಕ್ಕನ್ನು ಒಂದು ಗೇಣು ಸೀಳಿತ್ತು. ಅವನು ಹೆಗಲ ಮೇಲಿದ್ದ ಟವಲನ್ನು ಮುದುಡಿ ಸೀಳಿಗೆ ತುರುಕಿ ಅದರ ಮೇಲೆ ಮಂಡಿಯೂರಿ ಕುಳಿತ. ನಾನು ಊಟದ ಡಬ್ಬಿಯಿಂದ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದೆ. ಮೂರು ಡಬ್ಬಿ ಹೊರಗೆ ಹಾಕಿದರೆ ಒಂದು ಅಲೆ ಎರಡು ಡಬ್ಬಿಯಷ್ಟು ಒಳಗೆ ಹಾಕುತ್ತಿತ್ತು. ಕೊನೆಗೆ ನಮ್ಮನ್ನು ಉಳಿಸಿದ್ದೂ ಅದೇ ಜಾಲಿ. ಬಲೆಯ ಹಗ್ಗದಿಂದ ತೆಪ್ಪವನ್ನು ಮುಳುಗಿದ ಮರದ ಬೊಡ್ಡೆಗೆ ಬಿಗಿದು, ಕತ್ತಲಾಗುವ ತನಕ ಡಬ್ಬಿ ಆಡಿಸುತ್ತಾ ಕುಳಿತೆವು. ಹೊತ್ತು ಮುಳುಗಿ ನೆಲ ತಣ್ಣಗಾದ ಮೇಲೆ ಗಾಳಿ ಸ್ವಲ್ಪ ಬಿಡುವು ಕೊಟ್ಟಿತು. ದಡ ಮುಟ್ಟಿದಾಗ ಎಂಟು ದಾಟಿತ್ತು. ಇಬ್ಬರ ಮೈಮೇಲೂ ನೀರಿನಲ್ಲಿ ತೇಲಿಸುವ ಲೈಫ್ ಜಾಕೆಟ್ ಇರಲಿಲ್ಲ. ಅವನಿಗೆ ಈಜು ಬರುತ್ತದೆ. ನನಗೆ ಬರುವುದಿಲ್ಲ.

ಮನೆಯಲ್ಲಿ, ಮಳೆಯಲ್ಲಿ ನೆನೆದೆ ಎಂದೆ. ಆಷಾಢದಲ್ಲಿ ಹಿರಿಯೂರಿಗೆ ಮಳೆ! ಮೋಡ ನಮ್ಮ ತಲೆಯ ಮೇಲೆ ಓಡಿ ಆಂಧ್ರಕ್ಕೆ ಹೋಗುತ್ತದೆ ಎಂಬುದು ಇಲ್ಲಿನ ಮಗುವಿಗೂ ಗೊತ್ತು. ಹೆಂಡತಿ ಏನೂ ಕೇಳಲಿಲ್ಲ. ಒದ್ದೆ ಶರಟನ್ನು ಒಮ್ಮೆ ಮೂಸಿ ನೋಡಿ ಬಕೆಟ್ಟಿಗೆ ಹಾಕಿದಳು.

ಮುಂದಿನ ವರ್ಷ ಮಾರ್ಚ್‌ನಲ್ಲಿ ಮಗಳ ಬಾಣಂತನಕ್ಕೆಂದು ಇಬ್ಬರೂ ಅಮೆರಿಕದ ಡಲ್ಲಾಸ್‌ಗೆ ಹೋದೆವು. ಬಾಣಂತನದ ಕೆಲಸ ಹೆಂಡತಿಯದು, ನನಗೆ ಅಲ್ಲಿ ಕೆಲಸವಿರಲಿಲ್ಲ. ಮಾವನ ಚಟ ಅಳಿಯನಿಗೆ ಗೊತ್ತಿತ್ತು. ತನ್ನ ಕಚೇರಿಯ ಹಿರಿಯರೊಬ್ಬರ ಜೊತೆ ನನ್ನನ್ನು ಲೇಕ್ ಫೋರ್ಕ್ ಎಂಬ ಜಲಾಶಯಕ್ಕೆ ಕರೆದೊಯ್ದ. (ಮೇಲೆ ಮನೆ ಅಳಿಯನ ಬಗ್ಗೆ ಬರೆದದ್ದು ಇವನ ವಿಚಾರವಲ್ಲ, ಇವನು ಓದಿದರೆ ಬೇಸರಿಸಬಾರದು.) ಲೇಕ್ ಫೋರ್ಕ್ 1980ರಲ್ಲಿ ನೀರು ನಿಲ್ಲಿಸಿದ ಜಲಾಶಯ, ಸುಮಾರು 27 ಸಾವಿರ ಎಕರೆ. ಅಲ್ಲಿ ಮುಳುಗಿದ ಮರಗಳನ್ನು ಕಡಿಯದೆ ಮೀನಿಗೆಂದೇ ಬಿಟ್ಟಿದ್ದಾರೆ. ನೀರಿನ ನಡುವೆ ಬೂದು ಬಣ್ಣದ ಒಣಮರಗಳು ನಿಂತಿರುವುದನ್ನು ಕಂಡು ನನಗೆ ಮಾರಿಕಣಿವೆಗೇ ಬಂದ ಹಾಗಾಯಿತು. ಆ ಮರಗಳ ಬುಡದಲ್ಲಿ ಬಾಸ್ ಎಂಬ ಮೀನು ಇರುತ್ತದೆ. ಬಾಯಿ ದೊಡ್ಡದು, ಸ್ವಭಾವ ನಮ್ಮ ಕೊರವದ್ದೇ. ಮರೆಯಲ್ಲಿ ಅಡಗಿ ನಿಂತು ಹಾಯುವ ಮೀನಿನ ಮೇಲೆ ಎರಗುತ್ತದೆ, ಮರಿಗಳನ್ನು ಕಾವಲು ಕಾಯುತ್ತದೆ.

ಅಂದು ಅಲ್ಲಿಯೂ ಗಾಳಿ. ಗಂಟೆಗೆ ಇಪ್ಪತ್ತು ಮೈಲಿ, ಎಂದರೆ ಮೂವತ್ತೆರಡು ಕಿಲೋಮೀಟರ್. ದೋಣಿ ಹದಿನಾರು ಅಡಿಯ ಅಲ್ಯೂಮಿನಿಯಂನದು, ತೀರ ಚಿಕ್ಕದು. ಇಂಥ ದಿನ ಹೋಗುವುದೇ ಎಂದು ಅಳಿಯನ ಬಾಯಲ್ಲಿ ಕೇಳಿಸಿದೆ. ಆ ಹಿರಿಯರು ನಕ್ಕು, ಗಾಳಿ ಇರುವುದರಿಂದಲೇ ಹೋಗುತ್ತಿದ್ದೇವೆ ಎಂದರಂತೆ. ಗಾಳಿ ಬಡಿಯುವ ದಡಕ್ಕೆ ಸಣ್ಣ ಮೀನು, ಅದರ ಹಿಂದೆ ಬಾಸ್. ಅಕ್ಷರ ಅಕ್ಷರ ನನ್ನ ತೆಪ್ಪದವನ ಮಾತು! ಹತ್ತು ಸಾವಿರ ಮೈಲಿ ಆಚೆಯ ಮುದುಕ ಅದನ್ನೇ ಹೇಳಿದಾಗ ನನಗೆ ಆದ ಖುಷಿಯನ್ನು ಅಳಿಯ ಅನುವಾದ ಮಾಡಲಿಲ್ಲ.

ಆದರೆ ಅವರು ಹೋದ ರೀತಿ ನೋಡಬೇಕು. ದೊಡ್ಡ ನೀರಿಗೆ ಹೋಗಲೇ ಇಲ್ಲ, ಒಂದು ಕೊಲ್ಲಿಯಲ್ಲೇ ಉಳಿದರು. ಮೊದಲು ಗಾಳಿಗೆ ಎದುರಾಗಿ ಹೋದರು. ಎಂಜಿನ್ ಕೆಟ್ಟರೂ ಗಾಳಿಯೇ ದಡಕ್ಕೆ ತಂದು ಬಿಡಲಿ ಎಂದು. ಎಂಜಿನ್ ನಡೆಸುವವರ ಮೈಗೆ ಒಂದು ಕೆಂಪು ದಾರ ಸಿಕ್ಕಿಸಿರುತ್ತದೆ, ಅವರು ನೀರಿಗೆ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ಮುಳುಗಿದ ಮರಗಳ ನಡುವೆ ದೋಣಿ ಹೋಗುವ ದಾರಿಗೆ ತೇಲು ಗುರುತುಗಳನ್ನು ಹಾಕಿದ್ದಾರೆ, ಆ ಗುರುತು ಬಿಟ್ಟು ಅವರು ವೇಗವಾಗಿ ಹೋಗುವುದಿಲ್ಲ. ಸರೋವರಗಳಿಗೆಂದೇ ಬೇರೆಯಾಗಿ ಗಾಳಿಯ ಎಚ್ಚರಿಕೆ ಹೊರಡಿಸುವ ಪದ್ಧತಿಯೂ ಅಲ್ಲಿದೆ.

ಅಮೆರಿಕದವರನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಟೆಕ್ಸಾಸ್‌ನಲ್ಲಿ ಇಂಥ ದೋಣಿಯಲ್ಲಿ ಜಾಕೆಟ್ ತೊಡಲೇಬೇಕೆಂಬ ಕಾನೂನು ಹದಿಮೂರು ವರ್ಷದ ಒಳಗಿನ ಮಕ್ಕಳಿಗೆ ಮಾತ್ರ. ದೊಡ್ಡವರಿಗೆ ಆಳಿಗೊಂದು ದೋಣಿಯಲ್ಲಿ ಇದ್ದರೆ ಸಾಕು. ಅಲ್ಲಿಯೂ ಜನ ಅದನ್ನು ಸೀಟಿನ ಕೆಳಗೆ ತುರುಕಿಯೇ ಸಾಯುತ್ತಾರೆ. ದೋಣಿ ಅಪಘಾತದಲ್ಲಿ ಮುಳುಗಿ ಸತ್ತವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ ಎಂದು ಅವರ ಕರಾವಳಿ ಪಡೆಯ ಲೆಕ್ಕವೇ ಹೇಳುತ್ತದೆ. ಬುದ್ಧಿವಂತಿಕೆ ಒಂದು ದೇಶದ ಸ್ವತ್ತಲ್ಲ, ಉದಾಸೀನವೂ ಅಲ್ಲ.

ಹಿರಿಯರು ಹತ್ತೊಂಬತ್ತು ಇಂಚಿನ ಬಾಸ್ ಹಿಡಿದರು. ಹಲಗೆಯ ಮೇಲೆ ಮಲಗಿಸಿ ಅಳತೆ ನೋಡಿದರು. ಅಳತೆಯ ಕೆಲಸ ಎಂದ ಕೂಡಲೇ ನಾನು ಬಾಗಿ ನೋಡಿದೆ. ಆ ಸರೋವರದಲ್ಲಿ ಹದಿನಾರು ಇಂಚಿಗಿಂತ ಚಿಕ್ಕದನ್ನು ಒಯ್ಯಬಹುದು, ಇಪ್ಪತ್ತನಾಲ್ಕರ ಮೇಲಿನದನ್ನು ದಿನಕ್ಕೆ ಒಂದು ಒಯ್ಯಬಹುದು, ನಡುವಿನದನ್ನು ಬಿಡಲೇಬೇಕು. ಮೊಟ್ಟೆಯಿಡುವ ವಯಸ್ಸಿನ ಮೀನು ಉಳಿಯಲಿ ಎಂದು. ಚಳಿಯಲ್ಲಿ ನಾಲ್ಕು ಗಂಟೆ ನಡುಗಿ ಹಿಡಿದ ಮೀನನ್ನು ಅವರು ನೀರಿಗೆ ಬಿಟ್ಟಾಗ ನನ್ನ ಹೊಟ್ಟೆ ಉರಿಯಿತು. ಊರಿಗೆ ಬಂದ ಮೇಲೆ ಒಬ್ಬ ಗೆಳೆಯ, ಆ ಬಾಸ್ ಮರಿಯನ್ನು ತಂದು ನಮ್ಮ ಸಾಗರಕ್ಕೆ ಬಿಡಬಾರದೇ ಎಂದ. ಬೇಡಪ್ಪ. 1952ರಲ್ಲಿ ದೇಶಕ್ಕೆ ತಂದ ಜಿಲೇಬಿಯೇ ಸಾಕಾಗಿದೆ.

ನನ್ನ ಕಣ್ಣು ನೆಟ್ಟದ್ದು ಬೇರೆ ಎರಡು ವಸ್ತುಗಳ ಮೇಲೆ. ಎರಡೂ ಹೊಲಿಗೆಯವು.

ಒಂದು, ಅವರು ನನಗೆ ತೊಡಿಸಿದ ಜಾಕೆಟ್. ಕಂಕುಳು ಆಳವಾಗಿ ಕತ್ತರಿಸಿದ್ದು, ತೋಳು ಆಡಿಸಲು ಅಡ್ಡಿಯಿಲ್ಲ. ಹೊಟ್ಟೆಯ ಮೇಲೆ ದಪ್ಪವಿಲ್ಲ, ಕುಳಿತು ಬಾಗಬಹುದು. ಮುಂದೆ ಜಿಪ್, ಬಕಲ್ ಇದ್ದರೂ ಬಟ್ಟೆಯ ಮರೆಯಲ್ಲಿ. ತೊಡಿಸಿದ ಮೇಲೆ ಅವರು ನನ್ನ ಎರಡೂ ಕೈ ಮೇಲೆತ್ತಿಸಿ, ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿದರು. ಜಾಕೆಟ್ ಗಲ್ಲ ದಾಟಿ ಕಿವಿಯ ತನಕ ಬಂತು. ತಲೆಯಾಡಿಸಿ ಒಂದು ಅಳತೆ ಚಿಕ್ಕದನ್ನು ಕೊಟ್ಟರು. ಗ್ರಾಹಕನಾಗಿ ಇನ್ನೊಬ್ಬರ ಎದುರು ಕೈಯೆತ್ತಿ ನಿಂತದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು. ಒಳಗಿನ ಚೀಟಿಯಲ್ಲಿ 15.5 ಪೌಂಡು ಎಂದಿತ್ತು, ಸುಮಾರು ಏಳು ಕಿಲೋ. ಎಪ್ಪತ್ತು ಕಿಲೋದ ಮನುಷ್ಯನಿಗೆ ಏಳು ಕಿಲೋ ಸಾಕೇ ಎಂದು ಕೇಳಿದೆ. ನೀರಿನಲ್ಲಿ ಮೈ ತಾನೇ ಬಹುಪಾಲು ತೇಲುತ್ತದೆ, ತಲೆಯನ್ನು ಮೇಲಿಡಲು ಅಷ್ಟು ಸಾಕು ಎಂದರು.

ಇನ್ನೊಂದು, ದೋಣಿಯ ಮುಂದಿನಿಂದ ನೀರಿಗೆ ಬಿಟ್ಟ ಬಟ್ಟೆಯ ಚೀಲ. ಎರಡೂ ಕಡೆ ಬಾಯಿ, ಒಂದು ದೊಡ್ಡದು, ಒಂದು ಚಿಕ್ಕದು. ಲಂಗವನ್ನು ಅಡ್ಡ ಹಿಡಿದ ಹಾಗೆ. ಘೇರಿನ ಕಡೆಗೆ ನಾಲ್ಕು ಹಗ್ಗ, ಸೊಂಟದ ಕಡೆ ಖಾಲಿ. ಗಾಳಿ ದೋಣಿಯನ್ನು ತಳ್ಳಿದಾಗ ಲಂಗದೊಳಗೆ ನೀರು ತುಂಬಿ ಹಿಂದಕ್ಕೆ ಜಗ್ಗುತ್ತದೆ. ದೋಣಿ ನಿಧಾನವಾಗುತ್ತದೆ, ಮೂತಿ ಗಾಳಿಗೆ ಎದುರಾಗಿಯೇ ಇರುತ್ತದೆ, ತಿರುಗುವುದಿಲ್ಲ. ಇಷ್ಟೇ! ನಾನು ಅಲ್ಲಿಯೇ ಮೊಳಕೈಯಿಂದ ಅಳತೆ ಹಾಕಿಕೊಂಡೆ.

ಊರಿಗೆ ಬಂದು ಮೊದಲು ಹೊಲಿದದ್ದು ಆ ಲಂಗ. ಟೆಂಟಿನ ನೈಲಾನ್ ಬಟ್ಟೆ ಎರಡು ಮೀಟರ್, ಬಾಯಿ ಮೂವತ್ತು ಇಂಚು, ತುದಿ ಐದು ಇಂಚು, ಅಂಚಿಗೆ ಜೋಡಿ ಹೊಲಿಗೆ. ತೆಪ್ಪದವನು ಮೊದಲು ನಕ್ಕ. ಗಾಳಿಯ ದಿನ ಬಿಟ್ಟು ನೋಡಿದ. ಹಗ್ಗ ಕಟ್ಟಿದ ಜಾಗವೇ ತೆಪ್ಪಕ್ಕೆ ಮುಂದಾಯಿತು, ಬುಗುರಿಯಾಟ ನಿಂತಿತು. ಈಗ ಅವನ ಓಣಿಯಲ್ಲಿ ಒಂಬತ್ತು ಲಂಗ ಓಡಾಡುತ್ತಿವೆ. ಬಟ್ಟೆಯ ದುಡ್ಡು ಅವರದು, ಕೂಲಿ ಮೀನಿನಲ್ಲಿ.

ಜಾಕೆಟ್ ಅಷ್ಟು ಸುಲಭವಾಗಲಿಲ್ಲ. ಮೊದಲು ಥರ್ಮೋಕೋಲ್ ತುಂಬಿ ಹೊಲಿದೆ, ಒಂದೇ ವಾರಕ್ಕೆ ಪುಡಿಪುಡಿಯಾಗಿ ರವೆಯ ಹಾಗೆ ಕೆಳಗಿಳಿಯಿತು. ಆಮೇಲೆ ದಿಂಬಿಗೆ ಹಾಕುವ ಬೂರುಗದ ಹತ್ತಿ ತುಂಬಿದೆ. ಪರಿಚಯದವರ ಕೃಷಿ ಹೊಂಡದಲ್ಲಿ ತೇಲಿಸಿದಾಗ ಸೊಗಸಾಗಿ ತೇಲಿತು. ಒಂದು ತಿಂಗಳು ತೆಪ್ಪದವನು ಅದನ್ನೇ ಮಡಿಸಿ ಮೇಲೆ ಕುಳಿತು ಹುಟ್ಟು ಹಾಕಿದ. ಹತ್ತಿ ಹಪ್ಪಳವಾಯಿತು, ಅರ್ಧ ಮುಳುಗತೊಡಗಿತು. ಹಿಂದೆ ಹಡಗುಗಳಲ್ಲೂ ಇದೇ ಜಾತಿಯ ಹತ್ತಿಯ ಜಾಕೆಟ್ ಇದ್ದವು, ಅವುಗಳಿಗೂ ಇದೇ ದೋಷವಿತ್ತು ಎಂದು ಅಳಿಯ ಆಮೇಲೆ ಫೋನಿನಲ್ಲಿ ಹೇಳಿದ. ಮೊದಲೇ ಹೇಳಿದ್ದರೆ ಒಂದು ದಿಂಬು ಉಳಿಯುತ್ತಿತ್ತು. ಮೂರನೆಯದು ನೀರು ಹೀರದ ಫೋಮ್ ಹಾಳೆಯದು. ಅದಕ್ಕೆ ಎಂಟು ಕಿಲೋ ಕಬ್ಬಿಣದ ಬಟ್ಟು ಕಟ್ಟಿ ಹೊಂಡಕ್ಕೆ ಬಿಟ್ಟೆ. ಕಬ್ಬಿಣ ನೀರಿನಲ್ಲಿ ಸ್ವಲ್ಪ ಹಗುರವಾಗುತ್ತದೆ, ಏಳು ಕಿಲೋ ಲೆಕ್ಕಕ್ಕೆ ಎಂಟು ಬೇಕು. ಬೆಳಿಗ್ಗೆ ಬಿಟ್ಟದ್ದು ಸಂಜೆಯ ತನಕ ತೇಲುತ್ತಿತ್ತು. ಅದನ್ನು ನಾನು ತೊಡುತ್ತೇನೆ. ಆದರೆ ಇನ್ನೊಬ್ಬರಿಗೆ ಹೊಲಿದುಕೊಡುವುದಿಲ್ಲ. ರವಿಕೆ ಕೆಟ್ಟರೆ ಬಿಚ್ಚಿ ಹೊಲಿಯಬಹುದು. ಇದು ಪರೀಕ್ಷೆಯಾಗಿ ಮುದ್ರೆ ಬಿದ್ದು ಬರಬೇಕಾದ ವಸ್ತು. ಈ ಪತ್ರವನ್ನು ಟೆಂಡರಿನ ಅರ್ಜಿ ಎಂದು ಯಾರೂ ತಿಳಿಯಬಾರದು.

ನಮ್ಮವರಿಗೆ ಜಾಕೆಟ್ ಬಂದೇ ಇಲ್ಲವೆಂದಲ್ಲ. ಒಂದು ಕಡೆ, ಎಲ್ಲಿ ಎಂದು ಬರೆಯುವುದಿಲ್ಲ, ಬೀಗ ಹಾಕಿದ ಕೊಠಡಿಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್‌ಗಳ ರಾಶಿ ನೋಡಿದ್ದೇನೆ. ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುವಾಗ ತೊಡಿಸುವ ಜಾತಿಯವು. ಎಲ್ಲರಿಗೂ ಒಂದೇ ಅಳತೆ. ಎದೆಯ ಮೇಲೆ ಇಟ್ಟಿಗೆಯಂಥ ಫೋಮ್, ಹೊರಗೆ ಮೂರು ಬಕಲ್. ಬಲೆ ಎಳೆಯುವವನು ಅದನ್ನು ತೊಟ್ಟು ಬಾಗಲಾರ. ಬಾಗಿದರೂ ಬಲೆಯ ಕಣ್ಣು ಬಕಲ್‌ಗೆ ಸಿಕ್ಕಿಕೊಳ್ಳುತ್ತದೆ. ಗಾಳಿಯಲ್ಲಿ ಓಡುವ ಬಲೆ ಮೈಗೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಆ ಜಾಕೆಟ್ ತೊಡುವುದಕ್ಕಿಂತ ಬಿಡುವುದೇ ಕ್ಷೇಮ ಎಂದು ಅವರು ಬಿಟ್ಟಿದ್ದಾರೆ. ನಾವು ದಡದಲ್ಲಿ ನಿಂತು, ಕೊಟ್ಟರೂ ಹಾಕಿಕೊಳ್ಳುವುದಿಲ್ಲ, ತಿಳಿವಳಿಕೆಯಿಲ್ಲದ ಜನ ಎನ್ನುತ್ತೇವೆ. ಉಸಿರು ಕಟ್ಟುವ ಶರಟು ಹೊಲಿದು, ಗ್ರಾಹಕನಿಗೆ ಉಸಿರಾಡಲು ಬರುವುದಿಲ್ಲ ಎಂದ ಹಾಗಾಯಿತು.

ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯ ವಿಮೆಯಲ್ಲಿ ಮೀನುಗಾರ ಅಪಘಾತದಲ್ಲಿ ಸತ್ತರೆ 5 ಲಕ್ಷ ರೂಪಾಯಿ ಉಂಟು. ಒಳ್ಳೆಯದೇ. ಆ ಹಣದ ಒಂದು ಚೂರಿನಲ್ಲಿ, ಸಾಯುವ ಮೊದಲು, ಅವನ ಎದೆಯ ಸುತ್ತಳತೆ ಕೇಳಿ ಜಾಕೆಟ್ ತರಿಸಲು ಬರುವುದಿಲ್ಲವೇ? ಖರೀದಿಗೆ ಮುಂಚೆ ಮೂರು ಮಾದರಿ ತಂದು ಮಾರಿಕಣಿವೆಯ ದಡದಲ್ಲಿ ಇಡಿ. ಬಲೆಯವರು ತೊಟ್ಟು, ಬಲೆ ಎಳೆದು ನೋಡಲಿ. ಅವರು ಒಪ್ಪಿದ್ದನ್ನು ಕೊಳ್ಳಿ. ಅಳತೆ ತೆಗೆಯಲು ಜನ ಇಲ್ಲವೆಂದರೆ ನಾನು ಟೇಪು ಹಿಡಿದು ಬರುತ್ತೇನೆ, ಕೂಲಿ ಬೇಡ, ಆಷಾಢದಲ್ಲಿ ಹೇಗೂ ಬಿಡುವು. ಸಾಗರದ ನೀರು ಇಳಿಯುವ ಮೊದಲೇ, ಜಾಲಿ ಮುಳುಗಿರುವ ಜಾಗಗಳಿಗೆ ಖಾಲಿ ಕ್ಯಾನಿಗೆ ಬಣ್ಣ ಬಳಿದು ಕಲ್ಲು ಕಟ್ಟಿ ಗುರುತು ಬಿಡಬಹುದು. ಯಾವ ಕೊಂಬೆ ಎಲ್ಲಿದೆ ಎಂದು ಬಲೆಯವರಿಗೆ ಬಾಯಿಪಾಠ. ಹೋಬಳಿ ಹೋಬಳಿಗೆ ಗಾಳಿಯ ವೇಗ ಅಳೆಯುವ ಯಂತ್ರಗಳಿವೆ, ಅವು ಬೆಂಗಳೂರಿಗೆ ಅಂಕಿ ಕಳಿಸುತ್ತಿವೆ. ಆ ಅಂಕಿ ಬೆಳಿಗ್ಗೆ ಸಂಜೆ ಒಂದು ಹಲಗೆಯ ಮೇಲೆ ದಡಕ್ಕೂ ಬರಲಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಇದೆ, ಅದನ್ನು ನಾನೇ ಐದಾರು ಮಂದಿಗೆ ಹಾಕಿಕೊಟ್ಟಿದ್ದೇನೆ. ಆದರೆ ನೀರಿನ ನಡುವೆ ಸಿಗ್ನಲ್ ಸಿಗುವುದು ದೇವರ ದಯೆ.

ದಂಡದ ಸಲಹೆ ಕೊಟ್ಟ ದಾವಣಗೆರೆಯ ಓದುಗರಿಗೆ ಒಂದು ಆಹ್ವಾನ. ಒಂದು ಭಾನುವಾರ ಬನ್ನಿ. ತೆಪ್ಪದವನು ಒಪ್ಪಿದ್ದಾನೆ. ನಿಮ್ಮ ಎದೆಯ ಸುತ್ತಳತೆ ಪತ್ರಿಕೆಯ ಮೂಲಕ ತಿಳಿಸಿ. ಮುದ್ರೆ ಬಿದ್ದ ಜಾಕೆಟ್ ಒಂದನ್ನು ಮಗಳು ಕಳಿಸಿದ್ದಾಳೆ, ಮೂವತ್ತೆಂಟರಿಂದ ನಲವತ್ತೆರಡರ ತನಕ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ದಡದಲ್ಲೇ ಕುಳಿತು ಮಾತಾಡೋಣ.

ಸಂಪಾದಕರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಪತ್ರ ಉದ್ದವಾಗಿದೆ, ಎಲ್ಲಿ ಬೇಕಾದರೂ ಕತ್ತರಿಸಿ, ಕತ್ತರಿಯ ಮೇಲೆ ನನಗೆ ಮುನಿಸಿಲ್ಲ. ಆದರೆ ನನ್ನ ಹೆಸರನ್ನು ಮಾತ್ರ ಹಾಕಬೇಡಿ. 2023ರ ಆ ಸಂಜೆ ಮಳೆ ಬಂದಿತ್ತು ಎಂದೇ ನಮ್ಮ ಮನೆಯಲ್ಲಿ ಇಂದಿಗೂ ದಾಖಲೆಯಲ್ಲಿದೆ, ಮತ್ತು ನಿಮ್ಮ ಪತ್ರಿಕೆಯನ್ನು ಬೆಳಿಗ್ಗೆ ನನಗಿಂತ ಮೊದಲು ಬಿಡಿಸಿ ಓದುವವಳು ಅವಳೇ.

ಇಂತಿ,
ಒಬ್ಬ ದರ್ಜಿ
ಹಿರಿಯೂರು, ಚಿತ್ರದುರ್ಗ ಜಿಲ್ಲೆ